ಹಗಲು ಅವರಿಗೆ, ರಾತ್ರಿ ನಮಗೆ

ಕೊಟ್ಟೂರಿನ ನಮ್ಮ ಮನೆಗೆ ಮೀಟರ್ ನೋಡಲು ಬರುವವರು ಬದಲಾದಾಗಲೆಲ್ಲ ನನಗೊಂದು ಮೋಜು. ಹೊಸಬ ಬಂದವನು ಮೀಟರಿನ ಮುಂದೆ ನಿಂತು ಅಂಕಿ ನೋಡುತ್ತಾನೆ, ಕೈಯಲ್ಲಿನ ಯಂತ್ರ ನೋಡುತ್ತಾನೆ, ಮತ್ತೆ ಮೀಟರ್ ನೋಡುತ್ತಾನೆ, ಆಮೇಲೆ ಬೆರಳಿನಿಂದ ಅದನ್ನು ಟಕಟಕ ಬಡಿಯುತ್ತಾನೆ. ನಾನು ಒಳಗಿನಿಂದ ನೋಡುತ್ತಲೇ ಇರುತ್ತೇನೆ. ಮುಂದಿನ ಮಾತು ಏನೆಂದು ನನಗೆ ಗೊತ್ತು.

“ಅಮ್ಮಾರ, ಮನಿಗೆ ಬೀಗ ಹಾಕ್ಕೊಂಡು ಎಲ್ಲಿಗ್ಯಾರ ಹೋಗಿದ್ರೇನ್ರಿ?”

“ಎಲ್ಲಿಗೂ ಹೋಗಿಲ್ಲಪ. ಎಲ್ಲಾರೂ ಇಲ್ಲೇ ಅದೀವಿ. ನೀರು ಕುಡೀತಿಯೇನು?”

ಅವನು ನಂಬುವುದಿಲ್ಲ. ನಂಬದಿದ್ದರೆ ನನಗೇನು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಫ್ರಿಜ್ಜು, ಟಿವಿ, ಮಿಕ್ಸಿ ಎಲ್ಲ ಇವೆ. ಆದರೆ ಬಿಸಿಲು ಏರುವ ಮೊದಲೇ ನಾನು ಕಿಟಕಿ ಮುಚ್ಚಿ ಪರದೆ ಎಳೆಯುತ್ತೇನೆ, ಹೊತ್ತು ಮುಳುಗಿ ಗಾಳಿ ತಣ್ಣಗಾದ ಮೇಲೆ ಎಲ್ಲ ತೆರೆಯುತ್ತೇನೆ. ಬೇಸಿಗೆ ಕಾಲಿಡುವ ಮುಂಚೆ ತಾರಸಿಗೆ ಸುಣ್ಣ ಬಳಿಸುತ್ತೇನೆ. ಸೊಸೆ ಒಲೆಯ ಪಕ್ಕದಲ್ಲೇ ಇಟ್ಟಿದ್ದ ಫ್ರಿಜ್ಜನ್ನು ಎಬ್ಬಿಸಿ, ತಂಪು ಗೋಡೆಯ ಕಡೆಗೆ, ಹಿಂದೆ ಗಾಳಿಯಾಡುವ ಹಾಗೆ ಸರಿಸಿದವಳು ನಾನೇ. ಬೇಳೆಯನ್ನು ನೆನೆಹಾಕದೆ ಕುಕ್ಕರಿಗೆ ಸುರಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಈಗ ಒಂದು ಮಟ್ಟದವರೆಗೆ ಕರೆಂಟು ಪುಕ್ಕಟೆ, ಇನ್ನೂ ಯಾಕೆ ಈ ಒದ್ದಾಟ ಎಂದು ಮಗ ಕೇಳುತ್ತಾನೆ. ಪುಕ್ಕಟೆ ಸಿಕ್ಕಿತೆಂದು ಗಂಟಲವರೆಗೆ ಉಣ್ಣುತ್ತಾರೇನೋ ಎಂದು ನಾನು ಕೇಳುತ್ತೇನೆ. ನರ್ಸ್ ಆಗಿ ದುಡಿದು ನಿವೃತ್ತಳಾದ ನನಗೆ ಓಣಿಯಲ್ಲಿ ಜಿಪುಣಿ ನರ್ಸಮ್ಮ ಎಂಬ ಹೆಸರಿದೆ. ಇರಲಿ ಬಿಡಿ. ಈ ಮನೆ ಕಟ್ಟಿಸುವಾಗ ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ, ಮೇಲುಗಡೆ, ಒಂದು ಕಿಂಡಿ ಬಿಡು ಎಂದಾಗ ಮೇಸ್ತ್ರಿಯೇ ನಕ್ಕಿದ್ದ. ಅವನಿಗೆ ಇದೆಲ್ಲ ಹೇಳುತ್ತ ಕೂರಲು ಆಗ ನನಗೆ ಪುರುಸೊತ್ತಿರಲಿಲ್ಲ. ಈಗ ಇದೆ, ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ, ಮಣ್ಣಿನ ಮಾಳಿಗೆಯ ಮನೆಯಲ್ಲಿ. ಮೊಳದಗಲ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ದಪ್ಪಗೆ ಮಣ್ಣು. ಕಿಟಕಿ ಎಂಬುದು ಇರಲಿಲ್ಲ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಒಂದು ಕೊಡ ಇಳಿಯುವಷ್ಟು ಅಗಲದ ತೂತು. ಹಗಲು ಅದರಿಂದ ಬೆಳಕು ಇಳಿಯುತ್ತಿತ್ತು, ಒಲೆಯ ಹೊಗೆ, ಮನೆಯ ಸೆಕೆ ಎರಡೂ ಅದರಿಂದಲೇ ಮೇಲೆ ಹೋಗುತ್ತಿದ್ದವು. ಮಳೆ ಬಂದರೆ, ನಡುಹಗಲ ಬಿಸಿಲು ಕಾದರೆ, ಹತ್ತಿ ಹೋಗಿ ಅದರ ಮೇಲೆ ಒಂದು ಚಪ್ಪಡಿ ಎಳೆಯಬೇಕು. ಸಂಜೆ ಮತ್ತೆ ಸರಿಸಬೇಕು. ಆ ಕೆಲಸ ನಮ್ಮ ದೊಡ್ಡವ್ವನದು. ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ತಲೆ ಬಾಚುವವಳು ಅವಳು, ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ ಸುತ್ತಿ ಕೈಗೆ ಕೊಡುವವಳು ಅವಳು, ನಾನು ಮಲಗುತ್ತಿದ್ದದ್ದೂ ಅವಳ ಕೌದಿಯೊಳಗೆ. ಅವ್ವ ನನ್ನನ್ನು ಹೆತ್ತಳು, ಅಷ್ಟೇ. ಹೀಗೆಂದರೆ ಅವ್ವ ಸಿಟ್ಟಾಗುತ್ತಿರಲಿಲ್ಲ, ತನಗೆ ಒಂದು ಕೆಲಸ ತಪ್ಪಿತಲ್ಲ ಎನ್ನುತ್ತಿದ್ದಳು.

ದೊಡ್ಡಪ್ಪ ಹೊಲ ನೋಡುತ್ತಿದ್ದ. ನಮ್ಮಪ್ಪ ಟೇಲರ್. ಮನೆಗೆ ಕರೆಂಟು ಬಂದಾಗ ಪಡಸಾಲೆಗೆ ಒಂದು ಬಲ್ಬು ಹಾಕಿಸಿದರು, ಬಿಲ್ಲನ್ನು ಅಣ್ಣತಮ್ಮ ಇಬ್ಬರೂ ಸೇರಿ ಕಟ್ಟುತ್ತಿದ್ದರು. ಆ ಬಲ್ಬಿನ ಕೆಳಗೆ ಎಲ್ಲರೂ ಉಂಡೆವು, ಎಲ್ಲರೂ ಚೆನ್ನಾಗಿಯೇ ಇದ್ದೆವು. ಆಮೇಲೆ ಒಂದು ಮದುವೆ ಸುಗ್ಗಿಯಲ್ಲಿ ಅಪ್ಪ ಹೊಲಿಗೆ ಮಿಷನ್ನಿನ ಮೇಲೆ ತನಗೊಂದು ಬಲ್ಬು ಬೇರೆ ಎಳೆಸಿದ. ಕುಪ್ಪಸದ ಹೊಲಿಗೆ ಸೊಟ್ಟಗಾದರೆ ಹೆಣ್ಣಿನ ಕಡೆಯವರು ಬಿಡುತ್ತಾರೆಯೇ. ಬಿಲ್ಲು ಏರಿತು. ಮಿಷನ್ನಿಗೆ ಬೆಳಕು ಬೇಕಾದರೆ ಮಿಷನ್ನೇ ರೊಕ್ಕ ಕೊಡಲಿ ಎಂದ ದೊಡ್ಡಪ್ಪ. ಮಿಷನ್ನು ತುಳಿದ ರೊಕ್ಕದಲ್ಲೇ ಮನೆಗೆ ಎಣ್ಣೆ, ಬೆಲ್ಲ ಬರುತ್ತಿದೆ ಎಂದ ಅಪ್ಪ. ಎತ್ತಿನ ಮಾತು ಬಂತು, ಬೀಜದ ಮಾತು ಬಂತು, ಯಾರದೋ ಮದುವೆಯಲ್ಲಿ ಯಾರಿಗೋ ಟವೆಲ್ ಹೊದಿಸದ ಮಾತೂ ಬಂತು. ಒಂದು ಬಲ್ಬು ಬೆಳಗಿದ್ದಕ್ಕೆ ಅಷ್ಟು ಹಳೆಯ ಕಸವೆಲ್ಲ ಕಣ್ಣಿಗೆ ಬಿತ್ತು. ಕೊನೆಗೆ ಪಾಲಾಗೋಣ ಎಂದರು.

ಊರ ಹಿರಿಯರು ಬಂದು ಕೂತರು. ಮುಂಬಾಗಿಲ ಗೋಡೆಯಿಂದ ಹಿಂದಿನ ಗೋಡೆಗೆ ಹಗ್ಗ ಹಿಡಿದು ಪಡಸಾಲೆಯನ್ನು ಸರಿಯಾಗಿ ಅರ್ಧ ಮಾಡಿದರು. ಹಗ್ಗ ನೆಟ್ಟಗೇ ಇತ್ತು, ಅದರಲ್ಲಿ ಮೋಸವಿಲ್ಲ. ಬೆಳಕಿಂಡಿ ಹಗ್ಗದ ಆ ಕಡೆ, ದೊಡ್ಡಪ್ಪನ ಪಾಲಿಗೆ ಬಿತ್ತು. ಬಾಗಿಲ ಪಕ್ಕದ ಮೀಟರು, ಬಲ್ಬು ಈ ಕಡೆ ನಮ್ಮ ಪಾಲಿಗೆ ಬಿದ್ದವು. ಹಿರಿಯರೊಬ್ಬರು ಎಲೆಯಡಿಕೆ ದವಡೆಗೆ ಒತ್ತಿಕೊಂಡು ಹೇಳಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ:

“ಒಬ್ಬಗ ಹಗಲು ಬಂತು, ಒಬ್ಬಗ ರಾತ್ರಿ ಬಂತು. ಹೆಚ್ಚು ಕಡಿಮಿ ಏನೂ ಇಲ್ಲ. ಗ್ವಾಡಿ ಎಬ್ಬಸ್ರಿ.”

ಎಲ್ಲರೂ ತಲೆಯಾಡಿಸಿದರು. ಅಷ್ಟು ಮಂದಿ ಗಂಡಸರಲ್ಲಿ ಒಬ್ಬನಿಗೂ, ಹಗಲು ರಾತ್ರಿ ಎರಡೂ ಎಲ್ಲರಿಗೂ ಬೇಕಲ್ಲ ಎಂದು ಹೊಳೆಯಲಿಲ್ಲ. ಹಸಿ ಇಟ್ಟಿಗೆಯ ಗೋಡೆ ತೊಲೆಗೆ ತಾಗುವ ತನಕ ಎದ್ದಿತು. ದೊಡ್ಡಪ್ಪ ಆ ಕಡೆಯ ಗೋಡೆ ಒಡೆದು ತನಗೆ ಬೇರೆ ಬಾಗಿಲು ಇಟ್ಟುಕೊಂಡ. ನನ್ನ ಚಾಪೆ ಈ ಕಡೆ ಬಂತು. ಆ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ಹೇಳಿದ. ನಾನು ಗೋಡೆಗೆ ಬೆನ್ನು ಹಚ್ಚಿ ಮಲಗುತ್ತಿದ್ದೆ. ಆ ಕಡೆ ದೊಡ್ಡವ್ವನ ಬಳೆ ಸದ್ದು ಕೇಳುತ್ತಿತ್ತು, ದನಿ ಮಾತ್ರ ಕೇಳುತ್ತಿರಲಿಲ್ಲ. ಇನ್ನು ಅವಳು ನನಗೆ ದೊಡ್ಡವ್ವನಲ್ಲ, ಪಕ್ಕದ ಮನೆಯವಳು ಎಂದುಕೊಂಡು ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತುತ್ತಿದ್ದೆ.

ಪಾಲಿನ ಚೆಂದ ಒಂದೇ ತಿಂಗಳಲ್ಲಿ ಗೊತ್ತಾಯಿತು. ನಮ್ಮ ಪಾಲಿನಲ್ಲಿ ನಡುಹಗಲಿಗೂ ಕತ್ತಲು. ಅಪ್ಪನಿಗೆ ಸೂಜಿಗೆ ದಾರ ಪೋಣಿಸಲು ಬಲ್ಬು ಬೇಕು, ಅವ್ವನಿಗೆ ಅಕ್ಕಿಯಲ್ಲಿ ಕಲ್ಲು ಆರಿಸಲು ಬಲ್ಬು ಬೇಕು. ಬೆಳಗಿನಿಂದ ಉರಿದ ಬಲ್ಬುಗಳು ಮಲಗುವಾಗಲೇ ಆರುತ್ತಿದ್ದವು. ಅವ್ವ ಮೂಲೆಯಲ್ಲಿ ಹಾಕಿದ ಹೊಸ ಒಲೆಯ ಹೊಗೆಗೆ ಹೋಗಲು ದಾರಿಯಿಲ್ಲ, ಸೆಕೆಗೂ ಇಲ್ಲ. ಬಾಗಿಲು ತೆರೆದರೆ ಬಿಸಿಗಾಳಿ, ಮುಚ್ಚಿದರೆ ಹೊಗೆ. ಅಪ್ಪ ಒಂದು ಟೇಬಲ್ ಫ್ಯಾನ್ ತಂದ. ಅದು ಹೊಗೆಯನ್ನು ಈ ಮೂಲೆಯಿಂದ ಆ ಮೂಲೆಗೆ ಓಡಿಸುತ್ತಿತ್ತು, ಬಿಲ್ಲನ್ನು ಮೇಲಕ್ಕೆ ಏರಿಸುತ್ತಿತ್ತು. ಆ ಕಡೆ ದೊಡ್ಡವ್ವನಿಗೆ ಹೊತ್ತು ಮುಳುಗಿದರೆ ಬುಡ್ಡಿದೀಪವೇ ಗತಿ. ಸೀಮೆಎಣ್ಣೆ ತಿಂಗಳು ಪೂರ್ತಿ ಬರುತ್ತಿರಲಿಲ್ಲ. ಮೊದಲು ಒಂದು ಮನೆಗೆ ತಗಲುತ್ತಿದ್ದ ಖರ್ಚಿನ ಮೇಲೆ ಜಗಳವಾಡಿ, ಈಗ ಅದರ ಎರಡರಷ್ಟನ್ನು ಇಬ್ಬರೂ ಬೇರೆ ಬೇರೆ ಕಟ್ಟುತ್ತಿದ್ದರು. ಆದರೂ ಇಬ್ಬರ ಮೀಸೆಯೂ ನೆಟ್ಟಗಿತ್ತು.

ಮುಂಗಾರಿಗೆ ಮುಂಚೆ ನಮ್ಮ ಕಡೆ ಮಾಳಿಗೆಗೆ ಚೌಳು ಮಣ್ಣು ಹಾಕುತ್ತಾರೆ. ಹಳ್ಳದ ದಂಡೆಯಿಂದ ಆ ಬೂದಿಬಣ್ಣದ ಉಪ್ಪುಮಣ್ಣನ್ನು ತಂದು ಮಾಳಿಗೆಯ ತುಂಬ ಒಂದೇ ಸಮ ಹರಡಿದರೆ, ಮಳೆ ನೀರು ಒಳಗೆ ಇಳಿಯದೆ ಜಾರಿ ಹೋಗುತ್ತದೆ, ಮನೆಯೂ ತಂಪಾಗಿರುತ್ತದೆ. ಆ ವರ್ಷ ದೊಡ್ಡಪ್ಪ ಒಂದು ಬಂಡಿ ತಂದು ತನ್ನ ಪಾಲಿಗೆ ಮಾತ್ರ ಹರಡಿದ. ತನ್ನ ಮಣ್ಣು ತಮ್ಮನ ಕಡೆಗೆ ಕೊಚ್ಚಿ ಹೋಗಬಾರದೆಂದು, ಗೋಡೆಯ ನೇರಕ್ಕೆ ಮಾಳಿಗೆಯ ಮೇಲೆ ಹೊಲಕ್ಕೆ ಹಾಕುವಂಥದೇ ಒಡ್ಡು ಹಾಕಿದ. ಅಪ್ಪನೇನು ಕಡಿಮೆಯೇ. ಅವನೂ ಒಂದು ಬಂಡಿ ತರಿಸಿ ನಮ್ಮ ಕಡೆ ಹರಡಿ, ಈ ಕಡೆಯಿಂದಲೂ ಒಂದು ಒಡ್ಡು ಹಾಕಿದ. ಇಬ್ಬರೂ ಒಕ್ಕಲುಮಕ್ಕಳು. ಒಡ್ಡು ಹಾಕಿದರೆ ನೀರು ನಿಲ್ಲುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಹಾಕಿದರು. ಎರಡು ಒಡ್ಡುಗಳ ನಡುವೆ, ಗೋಡೆಯ ನೆತ್ತಿಯ ಮೇಲೆ, ಒಂದು ಚೊಕ್ಕವಾದ ಕಾಲುವೆ ತಯಾರಾಯಿತು.

ಮೊದಲ ದೊಡ್ಡ ಮಳೆ ಒಂದು ಸಂಜೆ ಹುಯ್ದಿತು. ಅಷ್ಟು ಮಳೆಗೂ ಕರೆಂಟು ಹೋಗಲಿಲ್ಲ, ಅದೊಂದು ಆಶ್ಚರ್ಯ. ನಾವು ಉಂಡು ತಾಟು ಎತ್ತುತ್ತಿದ್ದೆವು. ಗೋಡೆಯ ಮೇಲ್ತುದಿಯಿಂದ ನೀರು ಸಣ್ಣಗೆ ಜಿನುಗಿತು, ಆಮೇಲೆ ಧಾರೆಯಾಯಿತು. ಅವ್ವ ನನ್ನ ರಟ್ಟೆ ಹಿಡಿದು ಎಳೆದಳು. ಧೊಪ್ಪೆಂದು ಮೇಲಿನ ವರಸೆಯ ಇಟ್ಟಿಗೆಗಳು ಕೆಸರಾಗಿ ಕೆಳಗೆ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಕಣ್ಣು ತೆರೆದು ನೋಡಿದರೆ ತೊಲೆಯ ಕೆಳಗೆ ಒಂದು ತೋಳಗಲದ ಕಿಂಡಿ, ನಮ್ಮ ಬಲ್ಬಿನ ಬೆಳಕು ಅದರೊಳಗೆ ಹಾದು ಆ ಕಡೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಆ ಕಿಂಡಿಯಲ್ಲಿ ದೊಡ್ಡವ್ವನ ಮುಖ ಕಂಡಿತು. ಏನಾಯಿತೆಂದು ನೋಡಲು ಕಾಳಿನ ಗುಡಾಣದ ಮೇಲೆ ಹತ್ತಿ ನಿಂತಿದ್ದಳು. ಅಷ್ಟು ತಿಂಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು:

“ಊಟ ಆತೇನ, ಗಂಗಿ?”

ನಾನು ಜೋರಾಗಿ ಅತ್ತೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಕೆಳಗಿಳಿದಳು, ಏಕೆಂದರೆ ಹಿಂದೆ ದೊಡ್ಡಪ್ಪನ ಕೆಮ್ಮು ಕೇಳಿತು.

ಮರುದಿನ ಬೆಳಿಗ್ಗೆ ಅವ್ವ ಒಲೆ ಹಚ್ಚಿದಳು. ದಿನಾ ನಮ್ಮ ಕಣ್ಣಿಗೇ ಬರುತ್ತಿದ್ದ ಹೊಗೆ, ಅಂದು ಮೇಲೆ ಏರಿ, ತೊಲೆಯ ಕೆಳಗೆ ಸ್ವಲ್ಪ ತಡವರಿಸಿ, ಆ ಕಿಂಡಿಯೊಳಗೆ ನುಗ್ಗಿ ಆ ಕಡೆಯ ಬೆಳಕಿಂಡಿಯಿಂದ ಹೊರಟುಹೋಯಿತು. ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಅದನ್ನೇ ನೋಡುತ್ತ ಕೂತಳು. ಗೋಡೆ ಕಟ್ಟಿದ್ದ ಗೌಂಡಿಯನ್ನು ಅಪ್ಪ ಕರೆಸಿದ್ದ. ಒಬ್ಬರನ್ನೊಬ್ಬರು ಕೇಳದಿದ್ದರೂ ದೊಡ್ಡಪ್ಪನೂ ಅವನಿಗೇ ಹೇಳಿ ಕಳಿಸಿದ್ದ. ಅವನು ಕೆಸರು ಕಲಸಲು ಕೂತಾಗ ಅವ್ವ ಎದ್ದು ಬಂದು, ಮುಚ್ಚಬೇಡ, ಸುತ್ತ ಗಿಲಾವು ಮಾಡಿ ಚೊಕ್ಕ ಮಾಡು, ನಮ್ಮ ಬಲ್ಬನ್ನು ಆ ಕಿಂಡಿಯಲ್ಲೇ ಇಡುತ್ತೇವೆ ಎಂದಳು. ಆ ಕಡೆಯಿಂದ ದೊಡ್ಡವ್ವ, ನಮ್ಮ ಕಡೆಯಿಂದಲೂ ಹಾಗೇ ಮಾಡು ಎಂದಳು. ಗೌಂಡಿ ಮಾಳಿಗೆ ಹತ್ತಿ ಆ ಕಾಲುವೆಯ ನೀರು ಹೊರಗೆ ಬೀಳಲು ಒಂದು ಬಾಯಿ ಮಾಡಿದ, ಒಡ್ಡುಗಳನ್ನು ಮುಟ್ಟಲು ಮಾತ್ರ ಅಣ್ಣತಮ್ಮ ಇಬ್ಬರೂ ಬಿಡಲಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಬಿಲ್ಲು ಕಟ್ಟುವವನು ನಾನು, ಅವರಿಗೆ ಪುಕ್ಕಟೆ ಬೆಳಕು ಯಾಕೆ ಕೊಡಬೇಕು ಎಂದು ಅಪ್ಪ ಕುದಿದ. ಅವ್ವ ದನಿ ಏರಿಸಲಿಲ್ಲ.

“ನಮ್ಮ ಹೊಗಿ, ನಮ್ಮ ಸೆಕಿ ಎಲ್ಲಾ ಅವರ ಬೆಳಕಿಂಡ್ಯಾಗ ಹಾದು ಹೋಗ್ತೈತ್ರಿ. ನಿಮ್ಮಣ್ಣ ಅದಕ್ಕ ಬಿಲ್ ಕೊಟ್ಟಾನೇನು?”

ಅಪ್ಪ ಟೇಪು ಕೊರಳಿಗೆ ಹಾಕಿಕೊಂಡು ಮಿಷನ್ನಿಗೆ ಕೂತ. ಆ ಕಡೆ ದೊಡ್ಡಪ್ಪ, ತಮ್ಮನ ಬೆಳಕಿನಲ್ಲಿ ಉಣ್ಣುವಷ್ಟು ಗತಿಗೆಟ್ಟಿಲ್ಲ ಎಂದು ಕೂಗಾಡಿದನಂತೆ. ಹಾಗಾದರೆ ಕತ್ತಲಲ್ಲಿ ಹೊರಗೆ ಕಟ್ಟೆಯ ಮೇಲೆ ಉಣ್ಣು, ತಾಟು ಅಲ್ಲಿಗೇ ತಂದುಕೊಡುತ್ತೇನೆ ಎಂದು ದೊಡ್ಡವ್ವ ಹೇಳಿದಳು. ಎರಡು ದಿನ ಕಟ್ಟೆಯ ಮೇಲೆ ಉಂಡ. ಮೂರನೆಯ ದಿನ ಸೊಳ್ಳೆ ಅವನನ್ನು ಒಳಗೆ ಕಳಿಸಿದವು. ಆದರೆ ಒಂದು ಮಾತು ಹೇಳಿಬಿಟ್ಟ. ನನಗೂ ಮೀಟರು ಬರಲಿ, ಆ ದಿನವೇ ಈ ತೂತು ಮುಚ್ಚುತ್ತೇನೆ ಎಂದ. ದೊಡ್ಡಪ್ಪ ಆಡಿದ ಮಾತು ಬಿಡುವವನಲ್ಲ.

ಆ ಒಂದು ಕಿಂಡಿ ಎರಡು ಮನೆಗಳ ಲೆಕ್ಕವನ್ನೇ ತಿರುಗಿಸಿತು. ಹಗಲು ಅವರ ಬೆಳಕು ಈ ಕಡೆ ಬರುತ್ತಿತ್ತು, ಅಪ್ಪನ ಮಿಷನ್ನು ನೆಟ್ಟಗೆ ಅದರ ಕೆಳಗೆ ಬಂತು. ಅವನ ಬೇರೆ ಬಲ್ಬನ್ನು ಅವ್ವ ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಳು. ಫ್ಯಾನಿಗೆ ಗಿರಾಕಿ ಸಿಕ್ಕ. ಗೋಡೆಗೆಲ್ಲ ದಪ್ಪಗೆ ಸುಣ್ಣ ಬಳಿದು, ಒಂದೇ ಬಲ್ಬಿನ ಬೆಳಕು ಮೂಲೆ ಮೂಲೆಗೂ ಹರಿಯುವ ಹಾಗೆ ಮಾಡಿದಳು. ಅಮಾವಾಸ್ಯೆಗೊಮ್ಮೆ ಬಲ್ಬಿನ ಹೊಗೆಮಸಿಯನ್ನು ಒಣಬಟ್ಟೆಯಿಂದ ಒರೆಸುವುದು ನನ್ನ ಕೆಲಸ. ಎರಡು ಬಾಯಿಯ ಒಲೆ ಹಾಕಿದಳು. ಮುಂದಿನ ಬಾಯಲ್ಲಿ ಸಾರು ಕುದಿಯುವಾಗ ಹಿಂದಿನ ಬಾಯಲ್ಲಿ ಮೈತೊಳೆಯುವ ನೀರು ತಾನಾಗಿಯೇ ಕಾಯುತ್ತಿತ್ತು. ಬಿಲ್ಲು ಒಟ್ಟಿಗಿದ್ದ ಕಾಲಕ್ಕಿಂತಲೂ ಕೆಳಗಿಳಿಯಿತು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಯಾರಿಗೂ ಏನೂ ಹೇಳದೆ ಮಿಷನ್ನಿನ ಡ್ರಾದೊಳಗೆ ಹಾಕಿದ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಸ್ವಿಚ್ಚು ನಮ್ಮ ಕಡೆ ಇತ್ತು, ಚಪ್ಪಡಿ ಅವರ ಕಡೆ. ಹೀಗಾಗಿ ದಿನಕ್ಕೆ ಎರಡು ಹೊತ್ತು ಮಾತು ಬೇಕೇ ಬೇಕಾಯಿತು. ಸಂಜೆ ಸೆಕೆ ಹೆಚ್ಚಾದರೆ ಅವ್ವ ಈ ಕಡೆಯಿಂದ, ಅಕ್ಕಾ, ಕಲ್ಲು ಸರಿಸು ಎನ್ನುತ್ತಿದ್ದಳು. ದೊಡ್ಡವ್ವ ಹತ್ತಿ ಚಪ್ಪಡಿ ಎಳೆದರೆ ತಣ್ಣನೆ ಗಾಳಿ ಎರಡೂ ಮನೆಗೆ ಇಳಿಯುತ್ತಿತ್ತು. ದೀಪ ಆರಿಸುವ ಕೆಲಸ ನನ್ನದು. ಅವಳ ಕೆಲಸ ಮುಗಿಯಿತೋ ಇಲ್ಲವೋ ಕೇಳದೆ ಆರಿಸುವ ಹಾಗಿಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟು ಕಿಂಡಿಯ ಕಡೆ ಮುಖ ಮಾಡಿ ಕೇಳುತ್ತಿದ್ದೆ.

“ದೊಡ್ಡವ್ವ, ಆರಸ್ಲೇನು?”

ತಡಿ, ಹಾಲಿಗೆ ಹೆಪ್ಪು ಹಾಕುತ್ತೇನೆ ಎನ್ನುತ್ತಿದ್ದಳು. ಇವತ್ತು ಶಾಲೆಯಲ್ಲಿ ಏನು ಕಲಿಸಿದರು ಎಂದು ಕೇಳುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದಳು. ಹೆಪ್ಪು ಹಾಕಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೊನೆಗೆ, ಆರಿಸು ನಮ್ಮವ್ವ ಎನ್ನುತ್ತಿದ್ದಳು. ಆಗ ಆರಿಸುತ್ತಿದ್ದೆ. ಕೌದಿ ಬೇರೆಯಾದರೂ ನಿದ್ದೆ ಮೊದಲಿನ ಹಾಗೇ ಬರುತ್ತಿತ್ತು.

ಹೀಗೆ ಎರಡು ಮುಂಗಾರು ಕಳೆದವು. ಆಮೇಲೆ ಕರೆಂಟಿಲ್ಲದ ಮನೆಗಳಿಗೆ ಒಂದೊಂದು ಬಲ್ಬು ಕೊಡುತ್ತಾರೆಂದು ಸುದ್ದಿ ಬಂತು. ದೊಡ್ಡಪ್ಪ ಎಲ್ಲರಿಗಿಂತ ಮೊದಲು ಓಡಿ ಹೆಸರು ಬರೆಸಿದ. ಅವನ ಗೋಡೆಗೆ ಹೊಸ ಮೀಟರು ಬಂತು, ತೊಲೆಗೆ ಹೊಸ ಬಲ್ಬು ಬಂತು. ಅದೇ ದಿನ ಸಂಜೆ ಬಂಡಿಯಲ್ಲಿ ಇಟ್ಟಿಗೆಯೂ ಬಂತು. ಕಿಂಡಿಯಿಂದ ಇಣುಕಿ ಆ ಇಟ್ಟಿಗೆ ನೋಡಿದೆ. ಅವ್ವ ಏನಾದರೂ ಹೇಳುತ್ತಾಳೆಂದು ಅವಳ ಮುಖ ನೋಡಿದೆ. ಈ ಸಲ ಅವ್ವ ಒಲೆಯ ಕಡೆ ತಿರುಗಿಕೊಂಡಳು. ಅವರ ಬೆಳಕು ಅವರಿಗೆ ಬಂದ ಮೇಲೆ ಯಾವ ಬಾಯಿಂದ ಹೇಳುವುದು. ನಮ್ಮ ಹೊಗೆಗೆ ಒಂದು ದಾರಿ ಬಿಡಿ ಎಂದು ಬೇಡಬೇಕಾಗುತ್ತಿತ್ತು, ಅಪ್ಪ ಅದಕ್ಕೆ ಸತ್ತರೂ ಒಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಶೇಂಗಾ ಬಲಿತವು. ಗುಡೇಕೋಟೆ ಕಡೆಯ ಗುಡ್ಡಗಳಿಂದ ಹಂದಿ ಇಳಿಯುತ್ತಿದ್ದ ಕಾಲ, ದೊಡ್ಡಪ್ಪ ಸಂಜೆಯಾದರೆ ಹೊಲ ಕಾಯಲು ಹೋಗುತ್ತಿದ್ದ. ಸುಗ್ಗಿ ಮುಗಿಯಲಿ, ಮುಚ್ಚುತ್ತೇನೆ ಎಂದ. ಇಟ್ಟಿಗೆ ಮೂಲೆಯಲ್ಲಿ ಕೂತವು. ನಾನು ದಿನಾ ಹೆದರುತ್ತಲೇ ಸ್ವಿಚ್ಚಿನ ಮೇಲೆ ಕೈಯಿಡುತ್ತಿದ್ದೆ. ಈಗ ಅವಳಿಗೆ ಅವಳದೇ ಬಲ್ಬಿದೆ, ಕೇಳುವ ಅಗತ್ಯವೇನು ಎಂದುಕೊಂಡರೂ ಬಾಯಿ ಕೇಳಿಬಿಡುತ್ತಿತ್ತು. ಅವಳೂ ಮೊದಲಿನ ಹಾಗೇ, ತಡಿ ಎನ್ನುತ್ತಿದ್ದಳು. ಹಳೆಯ ರೂಢಿ, ಇನ್ನು ಕೆಲವು ದಿನ ಎಂದು ನಾನು ತಿಳಿದಿದ್ದೆ.

ಶೇಂಗಾ ಕಿತ್ತು ಮುಗಿದ ಮೇಲೆ ಒಂದು ಬೆಳಿಗ್ಗೆ ದೊಡ್ಡಪ್ಪ ಕೆಸರು ಕಲಸಿದ. ಅದನ್ನು ತುಳಿಯುವ ಪಚಪಚ ಸದ್ದು ಕೇಳಿ ನಾನು ಅಪ್ಪನ ಮಿಷನ್ನಿನ ಮೇಲೆ ಹತ್ತಿ ಕಿಂಡಿಗೆ ಮುಖವಿಟ್ಟು ನಿಂತೆ. ಅಪ್ಪ ಇಳಿ ಎನ್ನಲಿಲ್ಲ. ಅದೇ ಹೊತ್ತಿಗೆ ಆ ಕಡೆಯ ಬಾಗಿಲಲ್ಲಿ ಮೀಟರ್ ನೋಡುವವನು ಬಂದು ನಿಂತ. ಹೊಸ ಮೀಟರಿಗೆ ಅದು ಮೊದಲ ಸಲ. ಅವನು ನೋಡಿದ, ಮತ್ತೆ ನೋಡಿದ, ಬೆರಳಿನಿಂದ ಟಕಟಕ ಬಡಿದ. ಇದು ತಿರುಗಿಯೇ ಇಲ್ಲ, ಹಾಕಿದಾಗ ಎಲ್ಲಿತ್ತೋ ಅಲ್ಲೇ ಇದೆ, ಮೀಟರು ಕೆಟ್ಟಿದೆ ಎಂದ. ಮೊನ್ನೆ ಹಾಕಿದ ಮೀಟರು ಹೇಗೆ ಕೆಡುತ್ತದೆ ಎಂದು ದೊಡ್ಡಪ್ಪ ಕೆಸರುಗಾಲಿನಲ್ಲೇ ಅವನ ಮೇಲೆ ಏರಿ ಹೋದ. ದೊಡ್ಡವ್ವ ಮೊರ ಕೆಳಗಿಟ್ಟು ಎದ್ದು ಬಂದಳು.

“ಮೀಟ್ರು ನೆಟ್ಟಗ ಐತಪ. ನಾನ ಒಂದಿನಾನೂ ಹಚ್ಚಿಲ್ಲ.”

ಯಾಕೆ ಎಂದು ದೊಡ್ಡಪ್ಪ ಕೇಳಿದ. ತಿಂಗಳು ಪೂರ್ತಿ ಹೊಲದಲ್ಲಿ ಮಲಗಿದವನಿಗೆ ಇದು ಗೊತ್ತೇ ಇರಲಿಲ್ಲ. ದೊಡ್ಡವ್ವ ಗಂಡನ ಕಡೆ ನೋಡಲಿಲ್ಲ, ಕಿಂಡಿಯ ಕಡೆ ನೋಡಿದಳು. ನಾನಲ್ಲಿ ಇರುವುದು ಅವಳಿಗೆ ಗೊತ್ತಿತ್ತು.

“ನಾ ಬ್ಯಾರೆ ದೀಪ ಹಚ್ಚಿದ್ರ, ಮಲಗೂ ಮುಂದ ಆ ಹುಡುಗಿ ನನ್ನ ಯಾಕ ಕೇಳ್ತಾಳ?”

ದೊಡ್ಡಪ್ಪ ಕಲಸಿದ ಕೆಸರನ್ನು ಬುಟ್ಟಿಗೆ ತುಂಬಿಕೊಂಡು ಮಾಳಿಗೆ ಹತ್ತಿದ. ಎರಡೂ ಒಡ್ಡು ಒಡೆದು ನೆಲಸಮ ಮಾಡಿ, ಆ ಕೆಸರನ್ನು ನಮ್ಮ ಕಡೆಗೂ ಸೇರಿಸಿ ಒಂದೇ ಸಮ ಮೆತ್ತಿದ.